ಸುರಂಗದ ನೀರಲ್ಲಿ ಕಾಟ್ಲ ಬದುಕಿಸಿದ್ದು – ನನ್ನ ಅನುಭವ

ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲದ) ನೀರಿಗೆ ಮೀನು ಬಿಟ್ಟರೆ ಉಳಿಯುವುದಿಲ್ಲ ಅಂತ ಕಾಸರಗೋಡಿನ ಬಾಯಾರು, ಪೆರ್ಲ, ಎಣ್ಮಕಜೆ ಕಡೆಯ ತೋಟದವರು ಹೇಳುವುದುಂಟು. ಸುಳ್ಳಲ್ಲ. ಆದರೆ ಅದಕ್ಕೆ ಎಲ್ಲರೂ ಕೊಡುವ ಮದ್ದು, ‘ಮೋಟರ್ ಹಾಕಿ ಗುಳ್ಳೆ ಎಬ್ಬಿಸಿ’ ಎಂಬುದು, ಅರ್ಧ ಮಾತ್ರ ಸರಿ. ಆ ನೀರಲ್ಲಿ ಮೊದಲು ಓಡಿಸಬೇಕಾದದ್ದು ಇಂಗಾಲದ ಡೈಆಕ್ಸೈಡನ್ನು. ಅದಾದ ಮೇಲೆ ನನ್ನ ಕೆರೆಯ ಕಾಟ್ಲ ಮೀನು ಹತ್ತು ತಿಂಗಳಲ್ಲಿ ಮುಕ್ಕಾಲು ಕಿಲೋ ದಾಟಿದೆ. ಆಗದು ಅಂದವರೇ ಈಗ ನೋಡಲು ಬರುತ್ತಿದ್ದಾರೆ.

ಮುರಕಲ್ಲಿನ (ಜಂಬಿಟ್ಟಿಗೆಯ) ಕೆರೆ: 30 ಅಡಿ ಉದ್ದ, 20 ಅಗಲ, ನೀರು 5 ಅಡಿ. ಅಂದಾಜು 85 ಸಾವಿರ ಲೀಟರ್. ಸುರಂಗದಿಂದ ಬೇಸಿಗೆಯಲ್ಲಿ ನಿಮಿಷಕ್ಕೆ 10 ಲೀಟರ್, ಮಳೆ ಬಿಡುವ ಹೊತ್ತಿಗೆ 30.

ಮೊದಲ ಸಲ ಪೈಪಿನ ಬಾಯಿಯನ್ನು ಕೆರೆಯ ಅಡಿಗೇ ಇಳಿಸಿ, ಎರಡು ದಿನದಲ್ಲಿ ತುಂಬಿಸಿ, ಮರುದಿನವೇ 300 ಮರಿ ಬಿಟ್ಟೆ. ಮೂರು ದಿನ ಕಳೆಯುವಾಗ ಉಳಿದದ್ದು ನಲವತ್ತರಷ್ಟು. ಮರಿ, ಸಾಗಾಟ ಸೇರಿ ಎರಡು ಸಾವಿರ ಹೋಯಿತು. ಎರಡನೇ ಸಲ 4,500 ರೂಪಾಯಿಯ ಏರ್ ಪಂಪು. ಕಿಟ್ಟಿನಲ್ಲಿ ಪರೀಕ್ಷಿಸಿದರೆ ಕರಗಿದ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂ. ಕಾಟ್ಲಕ್ಕೆ ಅಷ್ಟು ಧಾರಾಳ. ಆದರೂ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು.

ಕಾರಣ ಮೀನಿನ ರಕ್ತದಲ್ಲಿದೆ. ಕಿವಿರಿನಲ್ಲಿ ನೀರು ಒಂದು ದಿಕ್ಕಿಗೆ, ರಕ್ತ ಅದರ ಎದುರು ದಿಕ್ಕಿಗೆ ಹರಿಯುವುದರಿಂದಲೇ ಮೀನು ಇಷ್ಟು ಕಡಿಮೆ ಆಮ್ಲಜನಕದಲ್ಲಿ ಬದುಕುವುದು. ಒಂದು ಲೀಟರ್ ಗಾಳಿಯಲ್ಲಿ 210 ಮಿಲಿಲೀಟರ್ ಇದ್ದರೆ ನಮ್ಮ ಸೆಖೆಯ ನೀರಲ್ಲಿ ಐದಾರು ಮಾತ್ರ. ಆದರೆ ಹೊರಗಿನ ನೀರಲ್ಲೇ ಡೈಆಕ್ಸೈಡ್ ತುಂಬಿದ್ದರೆ ರಕ್ತದಲ್ಲಿದ್ದದ್ದು ಹೊರಗೆ ಹೋಗುವುದಿಲ್ಲ. ರಕ್ತ ಹುಳಿಯಾಗುತ್ತದೆ, ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಹಿಡಿಯುವ ಶಕ್ತಿ ಕುಗ್ಗುತ್ತದೆ. 1904ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಕ್ರಿಶ್ಚಿಯನ್ ಬೋರ್ ತೋರಿಸಿದ್ದು ಇದನ್ನೇ. ಸಣ್ಣ ಪಂಪಿನ ಗುಳ್ಳೆ ಆಮ್ಲಜನಕವನ್ನು ಬೇಗ ಕರಗಿಸುತ್ತದೆ, ಡೈಆಕ್ಸೈಡ್ ಹೊರಹಾಕಲು ಮಾತ್ರ ನೀರಿನ ಐದಾರು ಪಟ್ಟು ಗಾಳಿ ಬೇಕು.

ನಿಮ್ಮ ನೀರನ್ನು ಹೀಗೆ ನೋಡಿ. ಸುರಂಗದ ಬಾಯಲ್ಲೇ ನೀರು ಹಿಡಿದು ಪಿಎಚ್ (ಹುಳಿ-ಕ್ಷಾರದ ಅಳತೆ; ಕಡಿಮೆಯಾದಷ್ಟೂ ಹುಳಿ) ನೋಡುವ ಹನಿ ಹಾಕಿ. ಅದೇ ನೀರನ್ನು ಬಾಟಲಿಗೆ ಅರ್ಧ ತುಂಬಿಸಿ ಎರಡು ನಿಮಿಷ ಕುಲುಕಿ, ನಡುನಡುವೆ ಮುಚ್ಚಳ ತೆಗೆಯಿರಿ, ಮತ್ತೆ ನೋಡಿ. ನನ್ನದು 5.6ರಿಂದ 6.6ಕ್ಕೆ ಏರಿತು. ಏರಿದರೆ ಅನಿಲವಿದೆ ಅಂತಲೇ ಲೆಕ್ಕ. ಗುಡ್ಡದ ಮಣ್ಣಲ್ಲಿ ಬೇರು, ಸೂಕ್ಷ್ಮಜೀವಿ ಉಸಿರಾಡಿ ಬಿಟ್ಟದ್ದೇ ನೀರಿನ ಜೊತೆ ಇಳಿದು ಬರುವುದು.

ಸುಣ್ಣದಿಂದ ಸರಿಮಾಡಲು ಹೋಗಿ ಇನ್ನೊಂದು ಸಲ ಕೆಟ್ಟಿತು. ಅರಳಿದ ಸುಣ್ಣ ಸಾವಿರ ಲೀಟರಿಗೆ 25 ಗ್ರಾಂ ಹಾಕಿದರೆ ಲೀಟರಿಗೆ 30 ಮಿಲಿಗ್ರಾಂ ಮಟ್ಟದ ಡೈಆಕ್ಸೈಡ್ ಕಟ್ಟಿಹೋಗುತ್ತದೆ. ನಾನು ಕಣ್ಣಳತೆಯಲ್ಲಿ ಬುಟ್ಟಿಗಟ್ಟಲೆ ಹಾಕಿದೆ. ಈ ಮೆದು ನೀರಲ್ಲಿ ಪಿಎಚ್ ಒಂದೇ ಸಲಕ್ಕೆ 9 ದಾಟಿತು, ಅಮೋನಿಯಾ ವಿಷವಾಯಿತು. ಸುಣ್ಣ ಬಿಟ್ಟೆ.

ಕೊನೆಗೆ ಕೈಹಿಡಿದದ್ದು ಅಡಿಕೆ ಮರದ ದಂಬೆ, ಅಂದರೆ ಸೀಳಿದ ಕಾಂಡದ ದೋಣಿ. ಆರಡಿ ಉದ್ದದ ನಾಲ್ಕು ದಂಬೆ, ತಿರುಳು ಪೂರ್ತಿ ಕೆತ್ತಿ ತೆಗೆದದ್ದು. ತಳದಲ್ಲಿ ಎರಡು ಇಂಚಿಗೊಂದರಂತೆ ಕಿರುಬೆರಳು ಹಿಡಿಯದಷ್ಟು ಸಣ್ಣ ತೂತು. ಒಂದರ ಕೆಳಗೊಂದು, ನಡುವೆ ಒಂದೂವರೆ ಅಡಿ ಬೀಳು. ನೀರು ಧಾರೆಯಾಗಿ ಬಿದ್ದರೆ ಪ್ರಯೋಜನವಿಲ್ಲ, ಎಳೆ ಎಳೆಯಾಗಿ ಒಡೆದು ಬೀಳಬೇಕು. ಎರಡನೇ, ಮೂರನೇ ಬೀಳಿನ ಕೆಳಗೆ ಮುಷ್ಟಿ ಗಾತ್ರದ ಮುರಕಲ್ಲಿನ ಚೂರು ತುಂಬಿದ ಬುಟ್ಟಿ. ನಾಲ್ಕನೆಯದರ ಕೆಳಗೆ ನಾನು ಇಟ್ಟದ್ದನ್ನು ಸದ್ಯಕ್ಕೆ ಹೇಳುವುದಿಲ್ಲ, ಇನ್ನೊಂದು ಬೇಸಿಗೆ ಕಳೆಯಲಿ.

ಅಲ್ಲಿಂದ 200 ಲೀಟರಿನ ಡ್ರಮ್ಮಿಗೆ. ಇದನ್ನು ತಪ್ಪಿಸಬೇಡಿ. ಗಾಳಿ ತಾಗಿದ ಮೇಲೆ ನೀರಿನ ಕಬ್ಬಿಣ ತುಕ್ಕಾಗಿ ಸಣ್ಣ ಸಣ್ಣ ಕಣವಾಗುತ್ತದೆ. ಡ್ರಮ್ಮಿಲ್ಲದೆ ಬಿಟ್ಟಾಗ ಸತ್ತ ರೋಹುವಿನ ಕಿವಿರು ಬಿಡಿಸಿ ನೋಡಿದೆ: ಎಸಳುಗಳ ನಡುವೆ ಅರಿಶಿನ-ಕೆಂಪು ಲೋಳೆ, ಉಗುರಿನಲ್ಲಿ ಕೆರೆದರೆ ಬರುವಷ್ಟು. ಡ್ರಮ್ಮಿಗೆ ತೆಂಗಿನ ನಾರು ತುಂಬಿ, ವಾರಕ್ಕೊಮ್ಮೆ ತೊಳೆದರೆ ಸಾಕು. ಖರ್ಚು ಒಟ್ಟು ಮೂರು ಸಾವಿರದ ಒಳಗೆ, ಕರೆಂಟಿನ ಹಂಗಿಲ್ಲ. ಈ ಸಲ ಬಿಟ್ಟ 150 ಮರಿಯಲ್ಲಿ 130ರಷ್ಟು ಇವೆ.

ನಡುವೆ ವರಾಲ್ ಮೀನಿನ ಪ್ರಯೋಗವೂ ಆಯಿತು. ಅದು ಗಾಳಿ ಗುಟುಕರಿಸುವ ಮೀನಲ್ಲವೇ, ದಂಬೆ ಹಾಯದ ಸುರಂಗದ ನೀರೇ ಸಾಕಾದೀತು ಅಂತ ಆರು ಮೀನನ್ನು ಬೇರೊಂದು ಡ್ರಮ್ಮಿಗೆ ಹಾಕಿದೆ. ಸಾಯಲಿಲ್ಲ, ತಿನ್ನಲೂ ಇಲ್ಲ. ಆಮ್ಲಜನಕ ಗಾಳಿಯಿಂದ ತಂದರೂ ಡೈಆಕ್ಸೈಡನ್ನು ಹೆಚ್ಚಾಗಿ ಕಿವಿರಿನ ಮೂಲಕ ನೀರಿಗೇ ಬಿಡುವ ಜೀವಿ ಅದು. ಹಾರದಂತೆ ಬಲೆ ಕಟ್ಟುವುದಾದರೆ ನೀರಿನಿಂದ ಒಂದಡಿ ಮೇಲೆ ಕಟ್ಟಿ. ಬಲೆ ನೀರಿಗೆ ತಾಗಿದ ದಿನ ಗಾಳಿ ಗುಟುಕರಿಸಲಾಗದೆ ಎರಡೇ ಗಂಟೆಯಲ್ಲಿ ಮೀನು ಜಡವಾಗಿದ್ದವು. ಡ್ರಮ್ಮಿನ ತಳದ ಕೆಸರಲ್ಲಿ ಕೆಂಪು ಹುಳ ಎದ್ದದ್ದು ಬೇರೆ ಸಂಗತಿ. ಅದರ ಕೆಂಪು ಹಿಮೋಗ್ಲೋಬಿನ್ನಿನದೇ. ತುಂಬಾ ಕಂಡರೆ ತಳಕ್ಕೆ ಆಮ್ಲಜನಕ ಸಾಲದು ಅಂತ ಅರ್ಥ, ಕೆಸರು ತೆಗೆಯಿರಿ.

ಆಟಿಯಲ್ಲಿ (ಜುಲೈ-ಆಗಸ್ಟ್ ಮಳೆಯ ತಿಂಗಳು) ಬಾಟಲಿ ಇನ್ನೊಮ್ಮೆ ಕುಲುಕಿ ಪಿಎಚ್ ನೋಡಿ. ಒದ್ದೆ ಮಣ್ಣು ಜೋರಾಗಿ ಉಸಿರಾಡುವ ಕಾಲ ಅದು, ಅನಿಲ ಹೆಚ್ಚು. ನೀರೂ ಹೆಚ್ಚಾಗಿ ದಂಬೆಯ ಅಂಚಿನಿಂದ ಉಕ್ಕಿ ಧಾರೆ ಕಟ್ಟುತ್ತದೆ. ಆಗ ಸುರಂಗದ ಬಾಯಲ್ಲೇ ಅರ್ಧ ನೀರನ್ನು ತೋಡಿಗೆ ತಿರುಗಿಸಿಬಿಡಿ.