ಸೋರಿಯಾಸಿಸ್ ಇದ್ದವರು ತೂಕ ಇಳಿಸುವುದು ಹೇಗೆ?

ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಮೇಲೆ ಉದುರಿದ ಚರ್ಮದ ಬಿಳಿ ಹೊಟ್ಟನ್ನು ಯಾರೂ ನೋಡುವ ಮೊದಲೇ ಕೊಡವುವ ಸಂಕಟ ನನಗೆ ಗೊತ್ತು. ಮುಲಾಮು ಹಚ್ಚಿದೆ, ಸೋಪು ಬದಲಿಸಿದೆ, ಬದನೆಕಾಯಿ ಬಿಟ್ಟೆ. 84 ಕೆಜಿ ಇದ್ದ ತೂಕದ ಕಡೆ ಮಾತ್ರ ನೋಡಲೇ ಇಲ್ಲ.

ಹೊಟ್ಟೆಯ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಟಿಎನ್‌ಎಫ್ ಆಲ್ಫಾದಂಥ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ, ಮೊಣಕೈ ಮೇಲೆ ಕೆಂಪು ದಪ್ಪ ಮಚ್ಚೆ ಏಳುವುದರಲ್ಲೂ ಇವುಗಳ ಪಾಲಿದೆ. ತೂಕ ಜಾಸ್ತಿ ಇದ್ದವರು 5ರಿಂದ 10 ಶೇಕಡಾ ಇಳಿಸಿದರೂ ಚರ್ಮದ ತೊಂದರೆ ಎಷ್ಟೋ ಹಗುರಾಗಬಹುದು. 84 ಕೆಜಿಯವರಿಗೆ ಅಂದರೆ ನಾಲ್ಕರಿಂದ ಎಂಟು ಕೆಜಿ, ಅಷ್ಟೇ.

ಮೊದಲು ಟೇಪು ತಗೊಂಡು ಸೊಂಟ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಕೆಲಸ ಶುರು ಮಾಡಿ.

ಜೋಳದ ರೊಟ್ಟಿ ಬಿಡಬೇಡಿ. ನಮ್ಮ ಕಲಬುರಗಿ ಊಟದಲ್ಲಿ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯೆ ಎಲ್ಲಾ ಒಳ್ಳೆಯವೇ. ತೊಂದರೆ ಇರುವುದು ಎಣ್ಣೆಗಾಯಿ ಮೇಲೆ ತೇಲುವ ಎಣ್ಣೆಯಲ್ಲಿ, ಶೇಂಗಾ ಹಿಂಡಿಗೆ ಮತ್ತೆ ಮತ್ತೆ ಸುರಿದುಕೊಳ್ಳುವ ಎಣ್ಣೆಯಲ್ಲಿ, ಸಂಜೆ ಸುಸಲಾ ಜೊತೆ ಬರುವ ಮಿರ್ಚಿ ಭಜಿಯಲ್ಲಿ. ನಾನು ನಾಲ್ಕು ರೊಟ್ಟಿ ಎರಡಕ್ಕೆ ಇಳಿಸಿ, ಪಲ್ಯ ಜಾಸ್ತಿ ಹಾಕಿಕೊಂಡೆ. ಕುಡಿಯುವ ಅಭ್ಯಾಸ ಇದ್ದರೆ ಬಿಡಲೇಬೇಕು, ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ಳುವವರಂತೂ ಖಂಡಿತ, ಯಾಕಂದರೆ ಎರಡೂ ಸೇರಿ ಲಿವರ್ ಮೇಲೆ ಬೀಳುತ್ತವೆ.

ನಡೆಯುವುದಕ್ಕೆ ನಮ್ಮ ಕಲಬುರಗಿಯಲ್ಲಿ ಅಪ್ಪನ ಕೆರೆ ಇದೆಯಲ್ಲ. ನಮ್ಮ ಬೇಸಿಗೆಯಲ್ಲಿ ಬಿಸಿಲು ಏರುವ ಮೊದಲೇ ಮುಗಿಸಿ. ಬೆವರು, ತಿಕ್ಕಾಟ ಎರಡೂ ಮಚ್ಚೆಯನ್ನು ಕೆರಳಿಸುತ್ತವೆ, ಸಡಿಲ ಹತ್ತಿ ಬಟ್ಟೆ ಹಾಕಿ. ಬಂದು ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ, ಮೈ ಇನ್ನೂ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ಮಾಯಿಶ್ಚರೈಸರನ್ನೋ ಹಚ್ಚಿ. ಬೆಳಿಗ್ಗೆ ಬೆರಳು ಬಿಗಿದುಕೊಂಡರೆ, ಹಿಮ್ಮಡಿ ನೋಯುತ್ತಿದ್ದರೆ ವಯಸ್ಸಾಯ್ತು ಅಂತ ಬಿಡಬೇಡಿ. ಸೋರಿಯಾಸಿಸ್ ಕೀಲಿಗೂ ಇಳಿಯಬಹುದು, ಬೇಗ ತೋರಿಸಿ.

ದಯವಿಟ್ಟು ಒಂದು ಮಾತು ಕೇಳಿ: ತೂಕ ಇಳಿಯಿತು ಅಂತ ಔಷಧಿಯನ್ನು ನೀವೇ ನಿಲ್ಲಿಸಬೇಡಿ. ಹೆಸರಿಲ್ಲದ ಪುಡಿ, ಮಾತ್ರೆಯನ್ನಂತೂ ಮುಟ್ಟಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ, ಬಿಟ್ಟ ಮೇಲೆ ಮೈಯೆಲ್ಲಾ ಮಚ್ಚೆ ಒಮ್ಮೆಲೇ ಏಳಬಹುದು.

ತಿಂಗಳಿಗೊಮ್ಮೆ ಒಂದೇ ಮಚ್ಚೆಯ ಫೋಟೋ ತೆಗೆದು, ಪಕ್ಕದಲ್ಲಿ ತೂಕ ಬರೆದಿಡಿ. ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಅದನ್ನೇ ತೋರಿಸಿ, ಕೆಲವು ಇಂಜೆಕ್ಷನ್‌ಗಳ ಡೋಸ್ ಕೂಡ ತೂಕ ನೋಡಿಯೇ ಕೊಡುತ್ತಾರೆ.