ಬೇರೆಯವರ ಫೈಲಿನ ಪಾಸ್‌ವರ್ಡ್ ತೆಗೆದುಕೊಡೋಕೆ ಮುಂಚೆ

ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸ್ತೀನಿ, ಪಾಸ್‌ವರ್ಡ್ ಮರ್ತೋಯ್ತು ಏನಾದ್ರೂ ಮಾಡಿ ಅಂತ ಆಗಾಗ ಯಾರಾದ್ರೂ ಬರ್ತಾನೇ ಇರ್ತಾರೆ. ಈ ಕೆಲಸ ಹೊಸದಾಗಿ ಶುರು ಮಾಡೋರಿಗೆ ಅಂತ ಬರೀತಿದೀನಿ.

ಮೊದಲು ಸಾಫ್ಟ್‌ವೇರ್ ಬೇಕಾ ಅಂತ ನೋಡಿ, ಎಷ್ಟೋ ಸಲ ಬೇಕಾಗಲ್ಲ. ಇ-ಆಧಾರ್ ಪಿಡಿಎಫ್‌ಗೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಕ್ಯಾಪಿಟಲ್‌ನಲ್ಲಿ, ಆಮೇಲೆ ಹುಟ್ಟಿದ ವರ್ಷ. ಇ-ಪ್ಯಾನ್‌ಗೆ ಹುಟ್ಟಿದ ದಿನಾಂಕ. ಬ್ಯಾಂಕ್ ಸ್ಟೇಟ್‌ಮೆಂಟ್ ಆದ್ರೆ ಅದು ಬಂದ ಮೇಲ್‌ನಲ್ಲೇ ಸಾಮಾನ್ಯವಾಗಿ ಬರೆದಿರ್ತಾರೆ.

ಆಮೇಲೆ, ಯಾರ ಫೈಲು? ಇದನ್ನ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಹೆಂಡತಿ ಲ್ಯಾಪ್‌ಟಾಪ್ ಗಂಡ ತಂದ್ರೆ ನಾನು ಮುಟ್ಟಲ್ಲ, ಅವ್ರೇ ಬರ್ಲಿ ಅಂತೀನಿ. ಆಫೀಸಿಂದು ಅಂದ್ರೆ ಮಾಲೀಕರಿಂದ ಒಂದು ಮೇಲ್ ತರಿಸ್ಕೊಳ್ಳಿ. ಐಟಿ ಆಕ್ಟ್ (ಮಾಹಿತಿ ತಂತ್ರಜ್ಞಾನ ಕಾಯ್ದೆ) 2000ರ ಸೆಕ್ಷನ್ 43 ಹೇಳೋದೇ ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್‌ಗೆ ಕೈ ಹಾಕೋದ್ರ ಬಗ್ಗೆ, ಅದನ್ನೇ ಮೋಸದ ಉದ್ದೇಶದಿಂದ ಮಾಡಿದ್ರೆ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲು, ಇಲ್ಲಾ 5 ಲಕ್ಷದವರೆಗೆ ದಂಡ, ಎರಡೂ ಆಗ್ಬಹುದು. ಆದ್ರೆ ಕಾನೂನಿನ ಭಯಕ್ಕಿಂತ ಹೆಚ್ಚಾಗಿ, ಆ ಫೈಲಿಗೆ ಬೀಗ ಹಾಕಿದೋರು ನಮ್ಮ ಎದುರಿಗೆ ಇಲ್ಲ, ಅವ್ರ ಪರವಾಗಿ ಕೇಳೋಕೆ ಅಲ್ಲಿ ನಮ್ಮನ್ನ ಬಿಟ್ರೆ ಬೇರೆ ಯಾರೂ ಇರಲ್ಲ.

ತೀರ್ಕೊಂಡೋರ ಫೈಲು ಬಂದಾಗ ಇನ್ನೂ ಕಷ್ಟ. ಒಬ್ಬ ಅಮ್ಮ ಬಂದಿದ್ರು, ಯಜಮಾನ್ರು ಹೋಗ್ಬಿಟ್ಟಿದ್ರು, ಅಡಿಕೆ ವ್ಯಾಪಾರದಲ್ಲಿ ಯಾರ್ಯಾರಿಂದ ಎಷ್ಟೆಷ್ಟು ಬಾಕಿ ಬರ್ಬೇಕು ಅನ್ನೋದೆಲ್ಲ ಒಂದು ಎಕ್ಸೆಲ್ ಫೈಲಲ್ಲೇ ಇತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷದ ಜೆರಾಕ್ಸ್ ತನ್ನಿ, ಮಗನನ್ನೂ ಕರ್ಕೊಂಡು ಬನ್ನಿ ಅಂದೆ, ಆ ದುಃಖದಲ್ಲಿ ಇದನ್ನೆಲ್ಲ ಕೇಳೋಕೆ ಮನಸ್ಸು ಬರ್ಲಿಲ್ಲ, ಆದ್ರೂ ಕೇಳ್ದೆ, ಯಾಕಂದ್ರೆ ನಾಳೆ ಇನ್ನೊಬ್ಬ ವಾರಸುದಾರರು ಬಂದು ಯಾರನ್ನ ಕೇಳಿ ತೆಗೆದೆ ಅಂದ್ರೆ ಉತ್ತರ ಬೇಕಲ್ವಾ. ಯಾವ ಫೈಲು ಅನ್ನೋದನ್ನ ಹೆಸರು ಸಮೇತ ಬರೆಸಿ ಇಬ್ರ ಸಹಿ ತಗೊಂಡೆ. ಅದೇ ಫೋಲ್ಡರಲ್ಲಿ ಬೀಗ ಇರೋ ಇನ್ನೊಂದು ಫೈಲೂ ಇತ್ತು, ಅದನ್ನ ಅವ್ರು ಕೇಳಿರ್ಲಿಲ್ಲ, ನಾನೂ ಮುಟ್ಲಿಲ್ಲ.

ಕೆಲಸ ಮಾಡೋ ರೀತಿ ಹೀಗೆ. ಮೂಲ ಫೈಲ್ ಬಿಟ್ಟು ಕಾಪಿ ಮೇಲೆ ಮಾಡಿ. ಪಾಸ್‌ವರ್ಡ್ ತೆಗೆದುಕೊಡ್ತೀವಿ ಅನ್ನೋ ಆನ್‌ಲೈನ್ ಸೈಟ್‌ಗಳಿಗೆ ಅಪ್‌ಲೋಡ್ ಮಾಡ್ಲೇಬೇಡಿ, ಗಿರಾಕಿಯ ಲೆಕ್ಕವೆಲ್ಲ ಯಾರದ್ದೋ ಸರ್ವರಿಗೆ ಹೋಗುತ್ತೆ. ಒಂದೊಂದೇ ಪಾಸ್‌ವರ್ಡ್ ಊಹಿಸಿ ನೋಡೋ ಸಾಫ್ಟ್‌ವೇರ್‌ಗಳಾದ ಜಾನ್ ದಿ ರಿಪ್ಪರ್, ಹ್ಯಾಶ್‌ಕ್ಯಾಟ್ ಎರಡೂ ಫ್ರೀ, ನೆಟ್ ಆಫ್ ಮಾಡಿಯೇ ಓಡಿಸ್ಬಹುದು. ಎಕ್ಸೆಲ್ 2013 ಆದ್ಮೇಲಿನ ಫೈಲಲ್ಲಿ ಒಂದೊಂದು ಊಹೆಗೂ 1 ಲಕ್ಷ ಸುತ್ತು ಹ್ಯಾಶ್ ಲೆಕ್ಕ (ಪಾಸ್‌ವರ್ಡನ್ನ ಕಲಸಿ ಬೇರೆ ರೂಪಕ್ಕೆ ತಿರುಗಿಸೋ ಲೆಕ್ಕ) ಆಗ್ಬೇಕು, ಹಾಗಾಗಿ ಸುಮ್ನೆ ಎಲ್ಲಾ ಅಕ್ಷರ ಜೋಡಿಸಿ ಜೋಡಿಸಿ ನೋಡಿದ್ರೆ ವರ್ಷಗಟ್ಲೆ ಕೂರ್ಬೇಕಾಗುತ್ತೆ, ಮನೆಯವ್ರನ್ನ ಕೇಳಿ ಗಾಡಿ ನಂಬರು, ಹಳೇ ಫೋನ್ ನಂಬರು, ಮನೆದೇವ್ರ ಹೆಸರು ಅಂತ ಒಂದು ಲಿಸ್ಟ್ ಮಾಡ್ಕೊಂಡು ಶುರು ಮಾಡಿ. ಹೀಗೆ ತಗೊಂಡ ಲಿಸ್ಟ್ ಕೂಡ ಅವ್ರ ಖಾಸಗಿ ವಿಷಯವೇ, ಕೆಲಸ ಮುಗಿದ ಕೂಡ್ಲೇ ಹರಿದು ಹಾಕಿ.

ತುಂಬಾ ಜನ ಮರೆಯೋದು ಒಂದಿದೆ. ಈ ಟೂಲ್‌ಗಳು ಸಿಕ್ಕಿದ ಪಾಸ್‌ವರ್ಡನ್ನ ಪಾಟ್ ಫೈಲ್ ಅಂತ ಒಂದರಲ್ಲಿ ಹಾಗೇ ಓದೋ ಥರ ಬರೆದಿಟ್ಕೊಳ್ತವೆ. ಜನ ಒಂದೇ ಪಾಸ್‌ವರ್ಡನ್ನ ಮೇಲ್‌ಗೂ ಬ್ಯಾಂಕ್‌ಗೂ ಇಟ್ಟಿರ್ತಾರೆ, ಅದು ಅಂಗಡಿ ಕಂಪ್ಯೂಟರಲ್ಲಿ ಉಳಿದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಅದನ್ನ ಅಳಿಸಿ, ಕಾಪಿನೂ ಅಳಿಸಿ, ಗಿರಾಕಿ ಎದುರಿಗೇ ಅಳಿಸಿ. ಫೈಲ್ ತೆರೆದಿದ್ಯಾ ಅಂತ ನೋಡೋಕೆ ಮೊದಲ ಪೇಜ್ ಕಂಡ್ರೆ ಸಾಕು, ಸ್ಕ್ರೋಲ್ ಮಾಡ್ಬೇಡಿ.

ಎಷ್ಟು ದಿನ ಪ್ರಯತ್ನ ಮಾಡ್ತೀವಿ ಅಂತ ಮೊದಲೇ ಹೇಳಿರಿ. ಅಷ್ಟರಲ್ಲಿ ಸಿಗ್ದಿದ್ರೆ ಇನ್ನೂ ಒಂದು ವಾರ ಅಂತ ಆಸೆ ಹುಟ್ಟಿಸಿ ದುಡ್ಡು ಕೇಳ್ಬೇಡಿ, ಆಗ್ಲಿಲ್ಲ ಅಂತ ಹೇಳಿ ವಾಪಸ್ ಕೊಡಿ.