ಚರ್ಚ್ ಬಿದ್ರೂ ರವಿವಾರ ಬರ್ತೈತ್ರಿ

ನಾನು ಬಾದಾಮಿ ತಾಲೂಕಿನ ಒಂದು ಸಣ್ಣ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ, ಅಂದ್ರ ಚರ್ಚಿನ ಮಂದಿಯ, ಖಜಾಂಚಿ. ಊರು ಮಲಪ್ರಭಾ ದಂಡಿ ಮ್ಯಾಲ. ಮೂವತ್ತೊಂದು ವರ್ಷ ಕನ್ನಡ ಸಾಲ್ಯಾಗ ಟೀಚರ್ ಆಗಿದ್ದಾಕಿ, ಹಂಗಾಗಿ ವಹಿ-ಪುಸ್ತಕದ ಹುಚ್ಚು ಒಂದೀಟು ಜಾಸ್ತಿ. 2019ರ ಆಗಸ್ಟಿನ್ಯಾಗ ಪಟ್ಟದಕಲ್ಲಿನ ಗುಡಿಗಳಿಗೆ ಹೊಳಿ ನೀರು ಹೊಕ್ಕಾಗ ನಮ್ಮ ಚರ್ಚಿನ್ಯಾಗೂ ಕಿಡಕಿ ಮಟ ನಿಂತಿತ್ತು. ಮೊನ್ನೆ ಮಳಿಗೆ ಮಾಡು ಕುಸಿದ ಬಾಜೂ ಊರಿನ ಸಭೆಯವರು ಫೋನ್ ಮಾಡಿ, "ಟೀಚರ್, ನೀವು ಆವಾಗ ಏನೇನ್ ಮಾಡಿದ್ರಿ?" ಅಂತ ಕೇಳಿದ್ರು. ಅವರಿಗೆ ಹೇಳಿದ್ದನ್ನ ಬರದೀನಿ.

ನೀರು ಇಳೀತು ಅಂತ ಒಳಗ ಓಡಬ್ಯಾಡ್ರಿ. ನಮ್ಮ ಮೂಡಣ ಗ್ವಾಡಿ ನೀರಿನ್ಯಾಗ ನಿಂತಿತ್ತು, ಬಿಸಲು ಬಿದ್ದ ಮೂರನೇ ದಿನ ಬಿತ್ತು. ಎರಿ ನೆಲ (ಕರಿ ಮಣ್ಣು) ತೊಯ್ದಾಗ ಉಬ್ಬತೈತಿ, ಒಣಗಿದಾಗ ಬಾಯಿ ಬಿಡತೈತಿ. ಮಣ್ಣಿನ ಗ್ವಾಡಿ ಈ ಎಳದಾಟ ತಡಿಯೂದಿಲ್ಲ. ನಿಂತ ಗ್ವಾಡಿಯ ಬಿರುಕಿಗೆ ಅಡ್ಡ ಒಂದು ಗಾಜಿನ ಚೂರು ಇಟ್ಟು ಎರಡೂ ತುದಿಗೆ ಸಿಮೆಂಟ್ ಹಚ್ರಿ, ಬಾಜೂಕ ತಾರೀಖು ಬರೀರಿ. ಗಾಜು ಸೀಳಿದ್ರ ಗ್ವಾಡಿ ಇನ್ನೂ ಸರಿಯಾಕ ಹತ್ತೈತಿ ಅಂತ ಅರ್ಥ. ಹೆಸ್ಕಾಂ ಲೈನ್‌ಮನ್ ನೋಡೂ ತನಕ ಕರೆಂಟ್ ಸುದ್ದಿಗೆ ಹೋಗಬ್ಯಾಡ್ರಿ. ಒಂದು ಹಂಚು ಎತ್ತೂಕಿಂತ ಮೊದಲ ನಾಕೂ ದಿಕ್ಕಿನಿಂದ ಫೋಟೋ ತಗದು ಧಾರವಾಡದ ಡಯೋಸಿಸ್ (ಬಿಷಪ್ಪರ) ಆಫೀಸಿಗೆ ಕಳಸ್ರಿ. ಆಸ್ತಿ ಇರೂದು ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಶನ್ ಹೆಸರಿನ್ಯಾಗ. ಕೆಡವೂದು, ಕಟ್ಟೂದು ನಮ್ಮ ಮನಸ್ಸಿನಂಗ ಮಾಡಾಕ ಬರೂದಿಲ್ಲ.

ಇನ್ನ ರಿಜಿಸ್ಟರ್. ಇಲ್ಲಿ ಸ್ವಲ್ಪ ಉದ್ದ ಹೇಳ್ತೀನಿ, ತಡಕೋರಿ. ದೀಕ್ಷಾಸ್ನಾನದ್ದು, ಮದುವಿದು, ಸಮಾಧಿದು, ಮೂರೂ ಟ್ರಂಕಿನ್ಯಾಗ ತೊಯ್ದು ಇಟ್ಟಂಗಿಯಂಗ ಭಾರ ಆಗಿದ್ವು. ಮದುವಿ ರಿಜಿಸ್ಟರ್ ಅಂದ್ರ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಬರದಿದ್ದು, ಹಾಳಿ ಹೋದ್ರ ನಾಳೆ ಯಾರದೋ ಪಿಂಚಣಿ ಕಾಗದ ಅಡಕೊಂಡು ಕೂಡತೈತಿ. ಬಿಸಲಿಗೆ ಇಟ್ರ ಹಾಳಿ ಸೆಟದು ಹಪ್ಪಳ ಆಗ್ತಾವು. ಅಂಟಿದ್ದನ್ನ ಉಗುರಿಲೆ ಬಿಡಸಾಕ ಹೋದ್ರ ಅಕ್ಷರ ಸಮೇತ ಬರ್ತಾವು. ಹಂಗ ಬಿಟ್ರ ಎರಡು ದಿನದಾಗ ಬೂಷ್ಟು. ಅದಕ್ಕ ನಾನು ಮೂರನ್ನೂ ಬ್ಯಾರೆ ಬ್ಯಾರೆ ಪ್ಲಾಸ್ಟಿಕ್ ಚೀಲದಾಗ ಸುತ್ತಿ, ಕೆರೂರಿನ್ಯಾಗ ತಂಗಿ ಮಗನ ಐಸ್‌ಕ್ರೀಮ್ ಅಂಗಡಿ ಫ್ರೀಜರಿನ್ಯಾಗ ಇಟ್ಟೆ. "ದೊಡ್ಡವ್ವಾ, ಕುಲ್ಫಿ ಜೋಡಿ ಸಮಾಧಿ ರಿಜಿಸ್ಟರೇನ?" ಅಂದ. ಹೌದಪಾ, ಥಂಡಿಯೊಳಗ ಬೂಷ್ಟು ಬೆಳಿಯೂದಿಲ್ಲ, ಪುರಸೊತ್ತು ಸಿಗತೈತಿ.

ಆಮ್ಯಾಲ ಒಂದೊಂದ ಹೊರಗ ತಗದು, ಕರಗಿದ ಮ್ಯಾಲ, ತಾವಾಗೇ ಬಿಡೂ ಕಡೆ ಹತ್ತು ಹಾಳಿಗೊಂದು ಖಾಲಿ ಬಿಳಿ ಹಾಳಿ ಸೇರಿಸಿ ಫ್ಯಾನ್ ಗಾಳಿಗೆ ನಿಲ್ಲಿಸಿದೆ. ಬಿಳಿ ಹಾಳಿ ತೊಯ್ದಂಗೆಲ್ಲ ಬದಲಿ ಮಾಡಬೇಕು. ಪೇಪರ್ ರದ್ದಿ ಬಳಸಬ್ಯಾಡ್ರಿ, ಅದರ ಮಸಿ ಇದಕ್ಕ ಹತ್ತತೈತಿ. ಬಾಲ್‌ಪೆನ್ನಿನ ಸಾಲು ಗಟ್ಟಿ ಉಳದ್ವು. ಶಾಯಿ ಪೆನ್ನಿಲೆ ಬರದಲ್ಲಿ ಹರಡಿತ್ತು. ನನ್ನ ತಮ್ಮನ ಹೆಸರಿದ್ದಲ್ಲಿ ಈಗ ಒಂದು ನೀಲಿ ಮೋಡ ಐತಿ. ಒಣಗಿದ ಮ್ಯಾಲ ಹಾಳಿ ಹಾಳಿ ಫೋಟೋ ತಗದು ಮೂರು ಮಂದಿ ಫೋನಿನ್ಯಾಗ ಇಟ್ಟೀವಿ.

ಆರಾಧನೆಗೆ ಜಾಗ. ನಾವು ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ: ವಾರಕ್ಕೊಂದು ಮನಿ ಅಂತ ತಿರಗಿಸಿದ್ವಿ. ಮೂರನೇ ವಾರ ಇಬ್ಬರು ಮುದುಕ್ಯಾರು ಹಿಂದಿನ ವಾರದ ಮನಿ ಕಟ್ಟಿ ಮ್ಯಾಲ ಕುಂತು ಕಾದು, ಪ್ರಾರ್ಥನೆ ಮಾಡಿ, ತಿರುಗಿ ಹೋದ್ರು. ಎಂಥಾದರ ಇರಲಿ, ಜಾಗ ಒಂದ ಇರಲಿ, ಹೊತ್ತು ಮೊದಲಿಂದ ಇರಲಿ. ನಮಗ ಕಡೀಕ ಒಬ್ಬ ನೇಕಾರರು ಮಗ್ಗದ ಮನಿ ಕೊಟ್ರು. ಕುಣಿ ಮಗ್ಗ, ಕುಣಿಗೆ ಹಲಗಿ ಮುಚ್ಚಿ ಅದರ ಮ್ಯಾಲ ಸಂಡೇ ಸ್ಕೂಲ್ ಹುಡುಗರು. ಗಂಟಿ ಹೊಳ್ಯಾಗ ಹೋಗಿತ್ತು, ಸಾಲ್ಯಾಗಿನಂಗ ಒಂದು ರೈಲು ಕಂಬಿ ತುಂಡು ಬೇವಿನ ಗಿಡಕ್ಕ ಕಟ್ಟಿ ಒಂಬತ್ತುವರಿಗೆ ಬಾರಿಸಿದ್ವಿ. ಹೊಸ ಜಾಗದಾಗ ಹಾಡು ಕೇಳಿದ್ರ "ಇದೇನು?" ಅನ್ನೂರು ಇರ್ತಾರ. ಅದಕ್ಕ ಚರ್ಚ್ ಬಿದ್ದೈತಿ, ರಿಪೇರಿ ಆಗೂ ತನಕ ಇಂಥಲ್ಲಿ ಕೂಡತೀವಿ ಅಂತ ಪಂಚಾಯ್ತಿಗೂ ಪೊಲೀಸ್ ಠಾಣೆಗೂ ಪತ್ರ ಕೊಟ್ಟು ನಕಲಿನ ಮ್ಯಾಲ ಸಿಕ್ಕಾ ಹಾಕಿಸಿಕೋರಿ.

ನಮ್ಮ ಅಯ್ಯನವರಿಗೆ, ಅಂದ್ರ ಪಾಸ್ಟರಿಗೆ, ನಾಕು ಊರಿನ ಸಭೆ. ಪವಿತ್ರ ಭೋಜನ (ರೊಟ್ಟಿ-ದ್ರಾಕ್ಷಾರಸ ಹಂಚೂ ಸಂಸ್ಕಾರ) ಅವರು ಬಂದಾಗ ಮಾತ್ರ, ಉಳಿದ ವಾರ ಓದೂದು, ಹಾಡೂದು, ಪ್ರಾರ್ಥನೆ ನಮ್ಮದ. ಹಾರ್ಮೋನಿಯಂ ಕೆಟ್ಟಿತ್ತು; ತಾಳ ಒಂದಿದ್ರ ಭಜನಾ ಪದ ನಿಲ್ಲೂದಿಲ್ಲ. ಹೆಣ್ಮಕ್ಕಳು ಹಿಡಿ ಜ್ವಾಳ, ಅಂದ್ರ ಸಭೆಗಂತ ಮನಿಯಾಗ ಹಿಡಿ ಹಿಡಿ ತಗದಿಡೂ ಜ್ವಾಳ, ಕೂಡಸೂದನ್ನ ಬಿಡಲಿಲ್ಲ. ಅದು ಆ ತಿಂಗಳು ಮನಿ ಬಿದ್ದು ತಗಡಿನ ಶೆಡ್ಡಿನ್ಯಾಗ ಇದ್ದವರ ರೊಟ್ಟಿಗೆ ಹೋತು. ಯಾವ ಜಾತಿ, ಯಾವ ಸಭೆ ಅಂತ ಕೇಳಲಿಲ್ಲ.

ರೊಕ್ಕದ ಮಾತು. ಮಂದಿ ಮನಿ ಬಿದ್ದಿರುವಾಗ ಕಟ್ಟಡ ನಿಧಿ ಅಂತ ರಸೀದಿ ಹಿಡಕೊಂಡು ಹೋಗಬ್ಯಾಡ್ರಿ. ನಾವು ಆರು ತಿಂಗಳು ಹೋಗಲಿಲ್ಲ, ಕಮಿಟ್ಯಾಗ ಬೈಸಿಕೊಂಡೆ. ಪರದೇಶದ ಸಂಸ್ಥೆಯವರು ಕೊಡತೀವಿ ಅಂದ್ರ ಎಫ್.ಸಿ.ಆರ್.ಎ. (ವಿದೇಶಿ ದೇಣಿಗಿ ಕಾಯ್ದೆ) ನೋಂದಣಿ ಇಲ್ಲದ ಒಂದು ರೂಪಾಯಿ ಮುಟ್ಟಬ್ಯಾಡ್ರಿ. ಸಭೆಯ ಹುಡುಗ ದುಬೈಯಾಗ ದುಡೀತಾನ, ಭಾರತದ ಪಾಸ್‌ಪೋರ್ಟ್ ಐತಿ ಅಂದ್ರ ಅವನು ತನ್ನ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗಿ ಆಗೂದಿಲ್ಲ.

ಜ್ವಾಳದ ರಾಶಿ ಮುಗದ ಮ್ಯಾಲ ಸುಗ್ಗಿ ಹಬ್ಬ ಮಾಡಿದ್ವಿ, ಅದ ಮಗ್ಗದ ಮನಿಯಾಗ. ಸಭೆಗೆ ಕಾಣಿಕಿ ಬಂದ ಬೆಳಿ ಸವಾಲಿಗೆ (ಹರಾಜಿಗೆ) ಇಟ್ಟಾಗ ಒಂದ ಕುಂಬಳಕಾಯಿ ನಾಕು ಸಲ ಹರಾಜಾತು. ತಗೊಂಡವರು ರೊಕ್ಕ ಕೊಟ್ಟು ಕಾಯಿ ಮತ್ತ ಸಭೆಗೇ ಬಿಡತಿದ್ರು. ಒಟ್ಟು 2,340 ರೂಪಾಯಿ, ಕಟ್ಟಡ ನಿಧಿಯ ರಸೀದಿ ನಂಬರ್ 1ರಿಂದ 4. ಕುಂಬಳಕಾಯಿ ಮಗ್ಗದ ಮನಿಯವರಿಗೆ ಹೋತು. ಬಾಡಿಗಿ ಅಂತೂ ಅವರು ತಗೊಂಡಿರಲಿಲ್ಲ.